ಹಿಡಿದದ್ದೆಲ್ಲ ತೆರಿಗೆಯಲ್ಲ



ಬಟವಾಡೆಯ ದಿನ ಚೀಟಿ ಕೈಗೆ ಬಂದಾಗ ನಾವು ಮೊದಲು ನೋಡುವುದು ಎಷ್ಟು ಬಂತೆಂದಲ್ಲ, ಎಷ್ಟು ಹಿಡಿದರೆಂದು. ಪ್ರಾವಿಡೆಂಟ್ ಫಂಡಿಗೆ ಹಿಡಿದರು, ಮುಂಗಡಕ್ಕೆ ಹಿಡಿದರು, ಹಬ್ಬದ ಸಾಲಕ್ಕೆ ಹಿಡಿದರು. ಹೀಗೆ ಹಿಡಿಸಿಕೊಂಡೇ ಕೂದಲು ನರೆತ ನಮಗೆ, ಕೆಲಸ ಬಿಡುವ ಕಾಲಕ್ಕೆ ಯಾರಾದರೂ "ಇಷ್ಟು ಟ್ಯಾಕ್ಸಿಗೆ ಹೋಯಿತಮ್ಮ" ಎಂದರೆ ಅದೂ ಇನ್ನೊಂದು ಹಿಡಿತವೆಂದೇ ತೋರುತ್ತದೆ. ಸರ್ಕಾರದ ಹೆಸರು ಬಂದ ಮೇಲೆ ಬಾಯಿ ಕಟ್ಟುತ್ತದೆ. ಹೆಬ್ಬೆಟ್ಟು ಒತ್ತಿ, ಲೈನ್ ಮನೆಯ ಬೀಗದ ಕೈ ಒಪ್ಪಿಸಿ, ಪೆಟ್ಟಿಗೆ ಹೊತ್ತು ಬಸ್ಸು ಹತ್ತುತ್ತೇವೆ.

ಬಾಯಿ ಕಟ್ಟಬಾರದು ಎಂದು ಹೇಳುವುದಕ್ಕೇ ಈ ಬರಹ. ನಮ್ಮ ವಾದ ಇಷ್ಟೇ: ತೋಟದ ಕೂಲಿಯವರು ಮುದಿತನಕ್ಕೆಂದು ಪಡೆಯುವ ಹಣದಲ್ಲಿ ಸರ್ಕಾರಕ್ಕೆ ನ್ಯಾಯವಾಗಿ ಸಲ್ಲಬೇಕಾದ ವರಮಾನ ತೆರಿಗೆ ಒಂದು ರೂಪಾಯಿಯೂ ಇಲ್ಲ. ಹಾಗಿದ್ದೂ ಹಿಡಿಯುತ್ತಾರೆ. ಹಿಡಿದದ್ದನ್ನು ಬಿಡಿಸಿಕೊಳ್ಳುವ ಭಾರವನ್ನು ಓದುಬರಹ ಕಡಿಮೆ ಇರುವವರ ತಲೆಯ ಮೇಲೆಯೇ ಹೊರಿಸುತ್ತಾರೆ. ಇದು ಅನ್ಯಾಯ. ಈ ಅನ್ಯಾಯದಲ್ಲಿ ಸರ್ಕಾರಕ್ಕೆ ಪಾಲಿದೆ, ತೋಟದ ಮಾಲೀಕರಿಗೆ ಪಾಲಿದೆ, ನಮ್ಮ ಯೂನಿಯನ್ನಿಗೂ ಪಾಲಿದೆ. ಯಾರ ಪಾಲು ಎಷ್ಟೆಂದು ಒಂದೊಂದಾಗಿ ನೋಡೋಣ.

ಒಬ್ಬ ಅಕ್ಕನ 17,000 ರೂಪಾಯಿ

ನಮ್ಮ ಧರ್ಮಕೇಂದ್ರದ ಒಬ್ಬ ಅಕ್ಕ ಗಡಿಯಾಚೆಯ ಒಂದು ಕಾಫಿ ತೋಟದಲ್ಲಿ ನಾಲ್ಕು ವರ್ಷ ಚಿಲ್ಲರೆ ತಿಂಗಳು ದುಡಿದು ಹೋದ ವರ್ಷ ತಾಳವಾಡಿಗೆ ಹಿಂದಿರುಗಿದರು. ವಯಸ್ಸು 54. ಮೊಣಕಾಲು ಹಿಡಿದುಕೊಂಡು ಇಳಿಜಾರಿನಲ್ಲಿ ನಿಲ್ಲಲಾಗದೆ ಕೆಲಸ ಬಿಟ್ಟವರು. ಅದಕ್ಕೆ ಮೊದಲು ಬೇರೊಂದು ತೋಟದಲ್ಲಿ ಆರು ವರ್ಷ ಗೆಯ್ದಿದ್ದರು. ಕೂಲಿ ದಿನಕ್ಕೆ ಸುಮಾರು 400 ರೂಪಾಯಿ, ತಿಂಗಳಿಗೆ 25 ದಿನ ಕೆಲಸ ಸಿಕ್ಕರೆ 10,000.

ಅವರ ಪ್ರಾವಿಡೆಂಟ್ ಫಂಡಿನಲ್ಲಿ ಬಡ್ಡಿ ಸೇರಿ 85,000 ರೂಪಾಯಿಯಷ್ಟು ಇತ್ತು. ಬ್ಯಾಂಕಿನ ಪುಸ್ತಕಕ್ಕೆ ಬಂದದ್ದು 68,000. ಉಳಿದ 17,000 ಎಲ್ಲಿ? ವರಮಾನ ತೆರಿಗೆ ಎಂದು ಹಿಡಿಯಲಾಗಿತ್ತು. ನೂರಕ್ಕೆ ಇಪ್ಪತ್ತರಂತೆ!

17,000 ಎಂದರೆ ನಲವತ್ತೆರಡು ದಿನದ ಕೂಲಿ. ಮಳೆಯಲ್ಲಿ ಗೊಬ್ಬರದ ಗೋಣಿ ತಲೆಗೆ ಸಿಕ್ಕಿಸಿಕೊಂಡು, ಕಾಲಿಗೆ ಅಂಟಿದ ಜಿಗಣೆ ಕಿತ್ತುಕೊಂಡು ದುಡಿದ ನಲವತ್ತೆರಡು ದಿನ. ಆ ಅಕ್ಕ ಕೇಳಿದ್ದು ಒಂದೇ ಮಾತು: "ಉಪದೇಶಿಗಳೇ, ನಾನು ಅಷ್ಟು ದೊಡ್ಡ ಸಾವ್ಕಾರಿತಿಯಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕಾಯ್ದೆ ಏನು ಹೇಳುತ್ತದೆ?

ತೋಟದ ಕೆಲಸಗಾರರಿಗೆ ಮುದಿತನದಲ್ಲಿ ಬರುವ ಹಣ ಮುಖ್ಯವಾಗಿ ಮೂರು: ಗ್ರಾಚ್ಯುಯಿಟಿ, ಪ್ರಾವಿಡೆಂಟ್ ಫಂಡು, ಪಿಂಚಣಿ.

ಮೊದಲನೆಯದು ಗ್ರಾಚ್ಯುಯಿಟಿ. 1972ರ ಗ್ರಾಚ್ಯುಯಿಟಿ ಕಾಯ್ದೆ ತೋಟಗಳನ್ನು ಹೆಸರಿಟ್ಟೇ ತನ್ನೊಳಗೆ ಸೇರಿಸಿಕೊಂಡಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲಿಯೂ ತೋಟಗಳಿವೆ. ತುಂಬಿದ ಒಂದೊಂದು ವರ್ಷಕ್ಕೆ 15 ದಿನದ ಕೂಲಿ ಎಂಬ ಲೆಕ್ಕ ಹಾಗೆಯೇ ಉಳಿದಿದೆ. ದಿನಕ್ಕೆ 400 ರೂಪಾಯಿಯಂತೆ 30 ವರ್ಷ ಗೆಯ್ದವರಿಗೆ 1,80,000 ರೂಪಾಯಿ. ಕಾಯ್ದೆಯ ಲೆಕ್ಕದ ಗ್ರಾಚ್ಯುಯಿಟಿಗೆ 20 ಲಕ್ಷ ರೂಪಾಯಿಯವರೆಗೆ ವರಮಾನ ತೆರಿಗೆ ಇಲ್ಲ. 400 ರೂಪಾಯಿ ಕೂಲಿಯವರು 20 ಲಕ್ಷ ಮುಟ್ಟಬೇಕಾದರೆ 333 ವರ್ಷ ದುಡಿಯಬೇಕು. ಅದು ಬೈಬಲಿನ ಮೆತೂಷೆಲಹನಿಗೆ ಸಾಧ್ಯವೇ ಹೊರತು ನಮಗಲ್ಲ. ಆದುದರಿಂದ ಯಾವುದೇ ರೈಟರು, ಯಾವುದೇ ದೊರೆ, "ಗ್ರಾಚ್ಯುಯಿಟಿಯಲ್ಲಿ ಟ್ಯಾಕ್ಸ್ ಹಿಡಿದಿದ್ದೇವೆ" ಎಂದರೆ ನಂಬಬೇಡಿ. ಅದು ತೆರಿಗೆಯಲ್ಲ, ಕಡಿಮೆ ಕೊಟ್ಟ ಹಣ. ಲೆಕ್ಕವನ್ನು ಬರೆದು ಕೊಡಿ ಎಂದು ಕೇಳಿ.

ಎರಡನೆಯದು ಪ್ರಾವಿಡೆಂಟ್ ಫಂಡು. ಐದು ವರ್ಷ ಎಡೆಬಿಡದೆ ದುಡಿದು ತೆಗೆದರೆ ತೆರಿಗೆ ಇಲ್ಲ. ಒಂದೇ ತೋಟದಲ್ಲಿ ಐದು ವರ್ಷ ಇರಬೇಕೆಂದೂ ಇಲ್ಲ. ಹಳೆಯ ತೋಟದ ಹಣವನ್ನು ಹೊಸ ತೋಟದ ಖಾತೆಗೆ ವರ್ಗ ಮಾಡಿಸಿಕೊಂಡಿದ್ದರೆ ಎರಡು ಕಡೆಯ ವರ್ಷಗಳೂ ಕೂಡುತ್ತವೆ. ಐದು ವರ್ಷ ತುಂಬದಿದ್ದರೂ, ಕೆಲಸ ಹೋದದ್ದು ಕೆಲಸಗಾರನ ಅನಾರೋಗ್ಯದಿಂದ, ಅಥವಾ ಮಾಲೀಕನ ವ್ಯವಹಾರ ಕುಗ್ಗಿದ್ದರಿಂದ ಇಲ್ಲವೇ ನಿಂತುಹೋದದ್ದರಿಂದ, ಅಥವಾ ಕೆಲಸಗಾರನ ಕೈಮೀರಿದ ಬೇರೆ ಕಾರಣದಿಂದ ಎಂದಾದರೆ ಆಗಲೂ ತೆರಿಗೆ ಇಲ್ಲ. ಈ ಮಾತು 1961ರ ವರಮಾನ ತೆರಿಗೆ ಕಾಯ್ದೆಯಲ್ಲಿಯೇ ಇದೆ.

ಮೂರನೆಯದು ಪಿಂಚಣಿ. 1995ರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ಇದ್ದವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿ. ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರಿನಲ್ಲಿ 1,000 ರೂಪಾಯಿ ಎಂದು ಗೊತ್ತುಮಾಡಿದರು. ಪಿಂಚಣಿ ಎಂಬುದು ಕಾಯ್ದೆಯ ಕಣ್ಣಿಗೆ ಸಂಬಳವಿದ್ದಂತೆ, ಲೆಕ್ಕಕ್ಕೆ ಸೇರುತ್ತದೆ. ಆದರೆ ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಬರುವವರು ತೆರಿಗೆಯ ಹೊಸಿಲಿನ ಹತ್ತಿರಕ್ಕೂ ಹೋಗುವುದಿಲ್ಲ. 2025–26ರ ಸಾಲಿನಲ್ಲಿ ಹೊಸ ಪದ್ಧತಿಯ ಪ್ರಕಾರ 12 ಲಕ್ಷ ರೂಪಾಯಿವರೆಗೆ ವರಮಾನ ಇರುವವರೇ ತೆರಿಗೆ ಕೊಡಬೇಕಾಗಿಲ್ಲ.

ಹಾಗಾದರೆ ಆ ಅಕ್ಕನ ಹಣ ಏಕೆ ಹಿಡಿದರು?

ಮುಚ್ಚಿದ ಮೂರು ಬಾಗಿಲು

2015ರ ಜೂನ್ 1ರಿಂದ ಒಂದು ನಿಯಮ ಬಂತು. ಐದು ವರ್ಷ ತುಂಬುವ ಮೊದಲು ಪ್ರಾವಿಡೆಂಟ್ ಫಂಡು ತೆಗೆದರೆ ಹಣ ಕೊಡುವಾಗಲೇ ನೂರಕ್ಕೆ ಹತ್ತು ಹಿಡಿಯಬೇಕು. 30,000 ರೂಪಾಯಿಗಿಂತ ಕಡಿಮೆಯಾದರೆ ಹಿಡಿಯುವಂತಿಲ್ಲ ಎಂದಿತ್ತು. 2016ರ ಜೂನಿನಿಂದ ಆ ಮಿತಿ 50,000 ಆಯಿತು. ಪ್ಯಾನ್ ಕಾರ್ಡು ಇಲ್ಲದವರಿಗೆ ಹತ್ತಲ್ಲ, ತೆರಿಗೆಯ ಅತಿ ಮೇಲಿನ ದರ, ಅಂದರೆ ನೂರಕ್ಕೆ ಮೂವತ್ತಕ್ಕೂ ಮೇಲೆ! 2023ರ ಏಪ್ರಿಲಿನಿಂದ ಅದನ್ನು ಇಪ್ಪತ್ತಕ್ಕೆ ಇಳಿಸಿದರು. ಪ್ಯಾನ್ ಇದ್ದು, "ನನ್ನ ವರಮಾನಕ್ಕೆ ತೆರಿಗೆ ಬರುವುದಿಲ್ಲ, ಹಿಡಿಯಬೇಡಿ" ಎಂಬ ಘೋಷಣೆಯ ನಮೂನೆ ತುಂಬಿ ಕೊಟ್ಟವರಿಗೆ ಏನೂ ಹಿಡಿಯುವುದಿಲ್ಲ. ಇದನ್ನೇ ಬಹಳ ವರ್ಷ 15ಜಿ ಎಂದು, ಅರವತ್ತು ದಾಟಿದವರಿಗೆ 15ಎಚ್ ಎಂದು ಕರೆದರು.

ಈಗ ಆ ಅಕ್ಕನ ಲೆಕ್ಕ ನೋಡಿ. ಆರು ವರ್ಷದ ಹಳೆಯ ಖಾತೆಯನ್ನು ವರ್ಗ ಮಾಡಿಸಿದ್ದರೆ ಐದು ವರ್ಷದ ಗೆರೆ ಎಂದೋ ದಾಟಿದ್ದರು. ಯಾರೂ ಮಾಡಿಸಲಿಲ್ಲ, ಹಳೆಯ ಖಾತೆಯ ನಂಬರು ಅವರ ಟ್ರಂಕಿನಲ್ಲಿ, ಮಗಳ ಜ್ಞಾನಸ್ನಾನದ ಚೀಟಿಯ ಜೊತೆ ಮಡಿಸಿಟ್ಟಿತ್ತು. ಇದು ಮೊದಲನೆಯ ಬಾಗಿಲು. ಕೆಲಸ ಬಿಟ್ಟದ್ದು ಮೊಣಕಾಲಿನ ರೋಗದಿಂದ. ಆಸ್ಪತ್ರೆಯ ಚೀಟಿಗಳು ಇದ್ದವು. ಆದರೆ "ಬಿಟ್ಟ ಕಾರಣ" ಎಂಬಲ್ಲಿ ತೋಟದ ಕಚೇರಿಯವರು ಸ್ವಂತ ಇಚ್ಛೆ ಎಂದು ತುಂಬಿದ್ದರು. ಇದು ಎರಡನೆಯ ಬಾಗಿಲು. ಪ್ಯಾನ್ ಇರಲಿಲ್ಲ, ಆದುದರಿಂದ ಘೋಷಣೆಯ ನಮೂನೆಯೂ ನಡೆಯುತ್ತಿರಲಿಲ್ಲ. ಇದು ಮೂರನೆಯದು.

ಮೂರು ಬಾಗಿಲೂ ಕಾಯ್ದೆಯವರು ಇಟ್ಟದ್ದೇ. ಆದರೆ ಒಂದರ ಅಗಳಿ ತೋಟದ ಕಚೇರಿಯಲ್ಲಿ, ಇನ್ನೊಂದರದು ದೂರದ ಪಟ್ಟಣದಲ್ಲಿ, ಮತ್ತೊಂದರದು ಕಂಪ್ಯೂಟರಿನೊಳಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ.

ಗೊತ್ತಿದ್ದೂ ಕೇಳುವವರು

ನಮ್ಮ ಮುಖ್ಯ ತಕರಾರು ಇಲ್ಲಿದೆ. ದಯವಿಟ್ಟು ನಿಧಾನವಾಗಿ ಓದಿ.

ಪ್ರಾವಿಡೆಂಟ್ ಫಂಡಿಗೆ ಕೂಲಿಯಲ್ಲಿ ನೂರಕ್ಕೆ ಹನ್ನೆರಡು ಹಿಡಿಯುತ್ತಾರೆ. ಒಬ್ಬ ಹೆಂಗಸಿನ ಖಾತೆಗೆ ತಿಂಗಳಿಗೆ 1,200 ರೂಪಾಯಿ ಜಮೆಯಾದರೆ ಅವಳ ಕೂಲಿ 10,000, ವರ್ಷಕ್ಕೆ 1,20,000 ಎಂದು ಐದನೇ ಕ್ಲಾಸಿನ ಮಗುವೂ ಹೇಳುತ್ತದೆ. ಈ ಲೆಕ್ಕ ಯಾರ ಕೈಯಲ್ಲಿದೆ? ಹಣ ಕೊಡುವ ಫಂಡಿನ ಕೈಯಲ್ಲಿಯೇ ಇದೆ, ತಿಂಗಳು ತಿಂಗಳಿನದ್ದೂ ಇದೆ. ಅವಳಿಗೆ ವರಮಾನ ತೆರಿಗೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಸಾಕ್ಷಿಯನ್ನು ತಮ್ಮ ಪುಸ್ತಕದಲ್ಲೇ ಇಟ್ಟುಕೊಂಡು, "ನಿನಗೆ ತೆರಿಗೆ ಬರುವುದಿಲ್ಲವೆಂದು ನೀನೇ ಬರೆದುಕೊಡು, ಬರೆದುಕೊಡದಿದ್ದರೆ ಹಿಡಿಯುತ್ತೇವೆ" ಎಂದು ಅವಳನ್ನು ಕೇಳುವುದು ಯಾವ ನ್ಯಾಯ?

ಹಿಡಿಯುವ ದರವನ್ನಾದರೂ ನೋಡಿ. 2025–26ರ ಹೊಸ ಪದ್ಧತಿಯಲ್ಲಿ ನೂರಕ್ಕೆ ಇಪ್ಪತ್ತು ಎಂಬ ದರ ಆರಂಭವಾಗುವುದು 16 ಲಕ್ಷ ರೂಪಾಯಿ ದಾಟಿದ ವರಮಾನದ ಭಾಗಕ್ಕೆ. ವರ್ಷಕ್ಕೆ 16 ಲಕ್ಷ ಎಣಿಸುವ ಮನುಷ್ಯನ ಮೇಲ್ಪದರದ ಹಣಕ್ಕೆ ಹಾಕುವ ದರವನ್ನು, ವರ್ಷಕ್ಕೆ ಒಂದೂಕಾಲು ಲಕ್ಷವನ್ನೂ ಕಾಣದ ಕೂಲಿಯವಳ ಗಂಟಿಗೆ, ಮೊದಲನೆಯ ರೂಪಾಯಿಯಿಂದಲೇ ಹಾಕಿದ್ದಾರೆ. ಆ ಗಂಟಿನಲ್ಲಿ ಅವಳ ಸ್ವಂತ ಚಂದಾ ಹಣವೂ ಇದೆ. ಅವಳ ಕೂಲಿಯಿಂದಲೇ ಕತ್ತರಿಸಿ ಕೂಡಿಟ್ಟ ಹಣ ಅದು. ಅದಕ್ಕೂ ಅದೇ ಇಪ್ಪತ್ತು.

ಹಿಡಿದದ್ದು ಮರಳಿ ಬರುತ್ತದಲ್ಲ ಎಂದು ಓದಿದವರು ಹೇಳುತ್ತಾರೆ. ಬರುತ್ತದೆ, ವರಮಾನದ ಲೆಕ್ಕಪತ್ರ ಸಲ್ಲಿಸಿದರೆ. ಆದರೆ ಪ್ಯಾನ್ ಇಲ್ಲದೆ ಹಿಡಿದ ಹಣ ಅವಳ ಹೆಸರಿನ ಲೆಕ್ಕಕ್ಕೆ ಜಮೆಯಾಗಿರುವುದಿಲ್ಲ. ಮೊದಲು ಪ್ಯಾನ್ ಮಾಡಿಸಬೇಕು, ಆಮೇಲೆ ಹಿಡಿದವರು ತಮ್ಮ ವಿವರಪಟ್ಟಿಯನ್ನು ತಿದ್ದಬೇಕು, ಆಮೇಲೆ ಲೆಕ್ಕಪತ್ರ, ಆಮೇಲೆ ಕಾಯುವುದು. ಸುಂಕದವನಾದ ಜಕ್ಕಾಯನ ಕಥೆ ನಮಗೆಲ್ಲ ಗೊತ್ತು. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ತಾನಾಗಿ ಮುಂದೆ ಬಂದ. ಇಲ್ಲಿ ತೆಗೆದುಕೊಂಡಷ್ಟನ್ನೇ ಪಡೆಯಲು ಮೊಣಕಾಲು ನೋವಿನ ಹೆಂಗಸು ದಿಂಬಂ ಘಟ್ಟದ 27 ತಿರುವು ಇಳಿದು ಹತ್ತಬೇಕು.

ಅದೇ ಗಿಡ, ಎರಡು ಲೆಕ್ಕ

ತೋಟದ ಮಾಲೀಕರು ಕಾಯ್ದೆ ಮೀರಿದ್ದಾರೆಂದು ನಾವು ಹೇಳುವುದಿಲ್ಲ. ಕಾಯ್ದೆ ಯಾರ ಕಡೆ ಎಷ್ಟು ಮೃದುವಾಗಿದೆ ಎಂಬುದನ್ನು ಮಾತ್ರ ತೋರಿಸುತ್ತೇವೆ.

ನಮ್ಮ ಸಂವಿಧಾನದಲ್ಲಿ ವ್ಯವಸಾಯದ ವರಮಾನಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು. ಉಳಿದ ವರಮಾನಕ್ಕೆ ಹಾಕುವ ಅಧಿಕಾರ ಕೇಂದ್ರದ್ದು. ಕಾಫಿ ಬೆಳೆದು ಸಂಸ್ಕರಿಸದೆ ಮಾರಿದರೆ ಆ ಲಾಭವೆಲ್ಲ ವ್ಯವಸಾಯದ್ದು, ಕೇಂದ್ರದ ತೆರಿಗೆಗೆ ಸೇರದು. ಬೆಳೆದವನೇ ಕ್ಯೂರಿಂಗ್ ಮಾಡಿ ಮಾರಿದರೆ ಲಾಭದ ನೂರು ಪಾಲಿನಲ್ಲಿ 25 ಪಾಲು ಮಾತ್ರ ಕೇಂದ್ರದ ಲೆಕ್ಕಕ್ಕೆ. ಟೀ ಬೆಳೆದು ತಯಾರಿಸಿದರೆ 40 ಪಾಲು. ಇವು ಬಹುಕಾಲದಿಂದ ನಡೆದುಬಂದ ನಿಯಮಗಳು.

ಅದೇ ಗಿಡದ ಹಣ್ಣನ್ನು ಬಿಡಿಸಿದ ಹೆಂಗಸಿನ ಕೂಲಿ ಮಾತ್ರ ವ್ಯವಸಾಯದ್ದಲ್ಲ; ಅದು "ಸಂಬಳ". ಸಂಬಳವೆಂದ ಮೇಲೆ ಪೂರ್ತಿ ಕೇಂದ್ರದ ಲೆಕ್ಕ. ಇರಲಿ, ಒಪ್ಪೋಣ. ಸಂಬಳವೆಂದು ಎಣಿಸುವುದಾದರೆ ಸಂಬಳದಾರರಿಗೆ ಇರುವ ಹೊಸಿಲನ್ನು ಅವಳಿಗೂ ಎಣಿಸಬೇಕಲ್ಲವೇ? ಗಿಡದ ಒಡೆಯನ ಲಾಭದಲ್ಲಿ ಎಷ್ಟು ಪಾಲು ತೆರಿಗೆಗೆ ಸೇರದೆಂದು ಸರ್ಕಾರ ತಾನೇ ಲೆಕ್ಕ ಹಾಕಿ ಇಟ್ಟಿದೆ. ಗಿಡದ ಕೆಳಗೆ ಬಗ್ಗಿದವಳಿಗೆ ಏನೂ ಸಲ್ಲದೆಂಬುದನ್ನು ಅವಳೇ ಅರ್ಜಿ ಬರೆದು ಸಾಧಿಸಬೇಕಾಗಿದೆ.

ಮಾಲೀಕರ ಪಾಲು ಇನ್ನೊಂದಿದೆ. ಒಬ್ಬ ಕೆಲಸಗಾರ ಬಂದಾಗ ಹಳೆಯ ಖಾತೆ ಇದೆಯೇ ಎಂದು ಕೇಳಲು ಎಷ್ಟು ಹೊತ್ತು ಬೇಕು? ಬಿಡುವಾಗ ಕಾರಣವನ್ನು ಸರಿಯಾಗಿ ತುಂಬಲು ಎಷ್ಟು ಶಾಯಿ ಬೇಕು? ಗಿಡ ಒಂದು ಬಾಡಿದರೆ ಕಾರಣ ಹುಡುಕಿ ಪುಸ್ತಕದಲ್ಲಿ ಬರೆಯುವ ತೋಟ, ಮನುಷ್ಯರು ಬಾಡಿ ಹೋದಾಗ ಕಾರಣವನ್ನು ತೋಚಿದಂತೆ ಗೀಚುವುದು ಸರಿಯೇ?

ಕೇಂದ್ರಕ್ಕೊಂದು, ರಾಜ್ಯಕ್ಕೊಂದು?

ನಮ್ಮ ಬೆಟ್ಟದಲ್ಲಿ ಇನ್ನೊಂದು ಭಯ ಓಡಾಡುತ್ತಿದೆ. ನಮ್ಮದು ಗಡಿಯ ಬದುಕು. ಮನೆ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಸಂತೆ, ನೆಂಟಸ್ತನ, ಆಸ್ಪತ್ರೆ ಚಾಮರಾಜನಗರದಲ್ಲಿ. ದುಡಿಮೆ ಕೆಲವರದು ನೀಲಗಿರಿಯ ಟೀ ತೋಟದಲ್ಲಿ, ಕೆಲವರದು ಕೊಡಗಿನ ಕಾಫಿ ತೋಟದಲ್ಲಿ. ಇದನ್ನು ಕಂಡ ದಲ್ಲಾಳಿಗಳು "ಕರ್ನಾಟಕದಲ್ಲಿ ದುಡಿದ ಹಣಕ್ಕೆ ಅಲ್ಲೊಂದು ತೆರಿಗೆ, ತಮಿಳುನಾಡಿಗೆ ತಂದರೆ ಇಲ್ಲೊಂದು ತೆರಿಗೆ, ಕೇಂದ್ರಕ್ಕೆ ಬೇರೆ" ಎಂದು ಹೆದರಿಸಿ, "ನಾನು ಸರಿಮಾಡಿಸುತ್ತೇನೆ" ಎಂದು ಕೈಚಾಚುತ್ತಾರೆ.

ಇದು ಶುದ್ಧ ಸುಳ್ಳು. ಅಮೆರಿಕದಂಥ ದೇಶದಲ್ಲಿ ಬಹಳ ಕಡೆ ನಿವೃತ್ತರು ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಲೆಕ್ಕಪತ್ರ ಕೊಡಬೇಕು. ಅಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು. ನಮ್ಮಲ್ಲಿ ಸಂಬಳ, ಪಿಂಚಣಿ, ಪ್ರಾವಿಡೆಂಟ್ ಫಂಡಿನ ಮೇಲಿನ ವರಮಾನ ತೆರಿಗೆ ಕೇಂದ್ರದ್ದೊಂದೇ. ರಾಜ್ಯದ ಕಡೆಯದು ವೃತ್ತಿ ತೆರಿಗೆ. ಅದು ದುಡಿಮೆಯಲ್ಲಿ ಇರುವವರಿಗೆ ಹಾಕುವುದು. ಸಂವಿಧಾನದ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಅದೂ ಇಲ್ಲ. ತಮಿಳುನಾಡಿನಲ್ಲಿ ಅರ್ಧ ವರ್ಷದ ವರಮಾನ ನೋಡಿ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುತ್ತವೆ. ಮುದಿತನದ ಗಂಟನ್ನು ಗಡಿ ದಾಟಿಸಿ ತಂದದ್ದಕ್ಕೆ ಯಾವ ರಾಜ್ಯವೂ ತೆರಿಗೆ ಕೇಳುವುದಿಲ್ಲ. ಕೇಳಿದವನು ಸರ್ಕಾರದವನಲ್ಲ, ಕಳ್ಳ.

ಗಡಿಯ ನಿಜವಾದ ತೊಂದರೆ ಬೇರೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು, ಅರ್ಜಿಯ ಮಾತು ಇಂಗ್ಲಿಷು. ಆಧಾರಿನಲ್ಲಿ ಒಂದು ಕಾಗುಣಿತ, ತೋಟದ ಚೆಕ್‌ರೋಲಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಜ್ಞಾನಸ್ನಾನದ ಹೆಸರು ಒಂದು ಕಡೆ, ಕರೆಯುವ ಹೆಸರು ಒಂದು ಕಡೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ಕಂಪ್ಯೂಟರು ಮನುಷ್ಯನನ್ನೇ ಗುರುತಿಸುವುದಿಲ್ಲ. ತಾಳವಾಡಿಯವರ ಅರ್ಜಿ ಏಕೆ ತಿರುಗಿ ಬರುತ್ತದೆಂದರೆ ಅವರು ಸೋಮಾರಿಗಳೆಂದಲ್ಲ, ಅವರ ಹೆಸರು ಮೂರು ಲಿಪಿಗಳ ನಡುವೆ ಸಿಕ್ಕಿಕೊಂಡಿದೆ ಎಂದು.

ಎದುರು ಮಾತಿಗೆ ಉತ್ತರ

"ಹೀಗೆ ಮೊದಲೇ ಹಿಡಿಯದಿದ್ದರೆ ದೊಡ್ಡ ಸಂಬಳದವರು ತಪ್ಪಿಸಿಕೊಳ್ಳುವುದಿಲ್ಲವೇ?" ಎಂದು ಕೇಳಬಹುದು. ತಪ್ಪಿಸಿಕೊಳ್ಳದಿರಲಿ. ಯಾರ ಚಂದಾ ದೊಡ್ಡದೋ ಅವರ ಕೂಲಿ ದೊಡ್ಡದು, ಅವರಿಂದ ಹಿಡಿಯಿರಿ. ನಾವು ಕೇಳುವುದು ಲೆಕ್ಕ ನೋಡಿ ಹಿಡಿಯಿರಿ ಎಂದು.

"ಕೂಲಿಯವರಿಗೆ ಬೇರೆ ವರಮಾನ ಇರಬಹುದಲ್ಲ?" ಎಂದೂ ಕೇಳುತ್ತಾರೆ. ಇರಬಹುದು: ಎರಡು ಕುರಿ, ಒಂದು ಎಕರೆ ರಾಗಿ ಹೊಲ. ಹೊಲದ ಆದಾಯ ಕೇಂದ್ರದ ತೆರಿಗೆಗೆ ಬರುವುದಿಲ್ಲ. ಇನ್ನೊಂದು 1,20,000 ಬೇರೆ ಕಡೆಯಿಂದ ಬಂತೆಂದೇ ಇಟ್ಟುಕೊಂಡರೂ 2,40,000 ಆಯಿತು. 12 ಲಕ್ಷ ಎಲ್ಲಿ?

"ಪ್ರಾವಿಡೆಂಟ್ ಫಂಡು ಮುದಿತನದ ಆಸರೆ, ಅವಸರಕ್ಕೆ ತೆಗೆಯಬಾರದೆಂದೇ ಈ ಕಡಿತ" ಎನ್ನುವವರ ಮಾತಿನಲ್ಲಿ ಸತ್ಯವಿದೆ. ಮೊಬೈಲು ಕೊಳ್ಳಲು, ಬೈಕು ಕೊಳ್ಳಲು ಫಂಡು ಬಳಿಯುವ ನಮ್ಮ ಹುಡುಗರಿಗೆ ನಾವೂ ಇದನ್ನೇ ಹೇಳುತ್ತೇವೆ. ಆದರೆ 54ರ ಹೆಂಗಸಿಗೆ, ಮತ್ತೆ ಗುಡ್ಡ ಹತ್ತಲಾಗದವಳಿಗೆ, ಅದು ಅವಸರದ ಹಣವಲ್ಲ. ಅವಳ ಮುದಿತನ ಆಗಲೇ ಬಂದಾಗಿದೆ.

ನಮ್ಮ ಪಾಲಿನ ತಪ್ಪು

ಬೇರೆಯವರನ್ನು ಬೈದು ಕೈತೊಳೆದುಕೊಂಡರೆ ನಾವು ಪ್ರಾಮಾಣಿಕರಾಗುವುದಿಲ್ಲ. ಯೂನಿಯನ್ನಿನ ಚಂದಾ ತಪ್ಪದೆ ಎತ್ತಿದ್ದೇವೆ. ಕೂಲಿ ಏರಿಸಲು, ಬೋನಸ್ಸಿಗೆ, ಕಂಬಳಿಗೆ ಘೋಷಣೆ ಕೂಗಿದ್ದೇವೆ. ಆದರೆ ಒಬ್ಬರ ಪಕ್ಕ ಕುಳಿತು ನಾಮಿನೇಷನ್ ಕಾಗದ ತುಂಬಿಸಿದ ದಿನಗಳು ಎಷ್ಟು? ಹಳೆಯ ಖಾತೆಯ ನಂಬರು ಕೇಳಿದ್ದು ಎಷ್ಟು ಸಲ? ಆ ಅಕ್ಕ ಪ್ರತಿ ಭಾನುವಾರ ನಮ್ಮ ಕಣ್ಣ ಮುಂದೆ ದೇವಾಲಯದಲ್ಲಿ ಕುಳಿತಿರುತ್ತಿದ್ದರು, ರಜೆಗೆ ಬಂದಾಗಲೆಲ್ಲ. ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಈ ತಪ್ಪಿನ ಬೆಲೆ 17,000ಕ್ಕೆ ನಿಲ್ಲುವುದಿಲ್ಲ. ಆರು ವರ್ಷ, ನಾಲ್ಕು ವರ್ಷ ಕೂಡಿದರೆ ಹತ್ತು ದಾಟುತ್ತದೆ. ಹತ್ತು ದಾಟಿದರೆ ಪಿಂಚಣಿಯ ಹಕ್ಕು! ಪುಣ್ಯಕ್ಕೆ ಅವರು ಪಿಂಚಣಿಯ ಭಾಗವನ್ನು ಇನ್ನೂ ತೆಗೆದಿರಲಿಲ್ಲ. ಎರಡೂ ಕಡೆಯ ಸೇವೆ ಕೂಡಿಸಬೇಕೆಂದು ಅರ್ಜಿ ಹಾಕಿಸಿದ್ದೇವೆ. ಪ್ಯಾನ್ ಬಂದಿದೆ. ಹಿಡಿದ ಹಣಕ್ಕೂ ಬೇಡಿಕೆ ಹೋಗಿದೆ. ಹಣ ಇನ್ನೂ ಬಂದಿಲ್ಲ. ಬಿಡುವುದಿಲ್ಲ.

ನಾವು ಕೇಳುವುದು

ಒಂದು: ಚಂದಾ ಲೆಕ್ಕದಿಂದಲೇ ಕೂಲಿ ಕಡಿಮೆಯೆಂದು ಕಾಣುವವರ ಪ್ರಾವಿಡೆಂಟ್ ಫಂಡಿನಿಂದ, ಘೋಷಣೆಯ ನಮೂನೆ ಕೊಟ್ಟರೂ ಕೊಡದಿದ್ದರೂ, ತೆರಿಗೆ ಹಿಡಿಯಬಾರದು. 2016ರಲ್ಲಿ ಇಟ್ಟ 50,000ದ ಮಿತಿಯನ್ನು ಏರಿಸಬೇಕು.

ಎರಡು: ಪ್ಯಾನ್ ಇಲ್ಲವೆಂಬ ಕಾರಣಕ್ಕೆ ಕೂಲಿಯವರಿಂದ ಇಪ್ಪತ್ತು ಹಿಡಿಯುವುದು ನಿಲ್ಲಬೇಕು. ಆಧಾರ್ ಇಲ್ಲದೆ ಹಣವೇ ಕೊಡದವರು, ಆಧಾರಿನಿಂದಲೇ ಆಳನ್ನು ಗುರುತಿಸಲಿ.

ಮೂರು: ಕೆಲಸ ಬಿಡುವ ದಿನ ತೋಟದ ಕಚೇರಿ ಒಂದು ಹಾಳೆ ಕೊಡಬೇಕು. ಎಷ್ಟು ವರ್ಷ, ಗ್ರಾಚ್ಯುಯಿಟಿ ಎಷ್ಟು, ಬಿಟ್ಟ ಕಾರಣ ಏನೆಂದು ತುಂಬಿದೆ, ಏನೇನು ಹಿಡಿದರು, ಏಕೆ ಹಿಡಿದರು ಎಂಬುದೆಲ್ಲ ಅದರಲ್ಲಿರಬೇಕು. ಕೆಲಸಗಾರರಿಗೆ ಗೊತ್ತಿರುವ ಭಾಷೆಯಲ್ಲಿ, ನಮ್ಮವರಿಗಾದರೆ ಕನ್ನಡದಲ್ಲಿ.

ನಾವು ಮಾಡಬೇಕಾದ್ದು

ಸರ್ಕಾರ ಕೇಳುವ ತನಕ ಕಾಯುವಂತಿಲ್ಲ. ಆದುದರಿಂದ ಪ್ರತಿ ಮನೆಯವರೂ ಇಷ್ಟು ಮಾಡಿ.

ಪ್ಯಾನ್ ಇಲ್ಲದವರು ಈಗಲೇ ಮಾಡಿಸಿ. ಆಧಾರಿಗೆ ನಿಮ್ಮ ಮೊಬೈಲ್ ನಂಬರು ಜೋಡಿಸಿದ್ದರೆ ವರಮಾನ ತೆರಿಗೆ ಇಲಾಖೆಯ ತಾಣದಲ್ಲಿ ಇ-ಪ್ಯಾನ್ ದುಡ್ಡಿಲ್ಲದೆ ಸಿಗುತ್ತದೆ. ಅದಕ್ಕೆ ಐನೂರು ಕೇಳುವವನ ಅಂಗಡಿಗೆ ಹೋಗಬೇಡಿ. ಹಳೆಯ ಪ್ಯಾನ್ ಇರುವವರು ಅದು ಆಧಾರಿಗೆ ಜೋಡಿಯಾಗಿದೆಯೇ ನೋಡಿಸಿ. ಜೋಡಿಸದ ಕಾರ್ಡುಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ, ಅಂಥ ಕಾರ್ಡು ಇದ್ದೂ ಇಲ್ಲದಂತೆ.

ತೋಟ ಬದಲಿಸಿದವರು ಹಳೆಯ ಖಾತೆಯ ನಂಬರನ್ನು ಹುಡುಕಿ, ವರ್ಗ ಮಾಡಿಸಿ. ತೆಗೆಯಬೇಡಿ. ವರ್ಷ ಕೂಡಿದಷ್ಟೂ ತೆರಿಗೆಯ ಭಯ ದೂರ, ಪಿಂಚಣಿ ಹತ್ತಿರ.

ಐದು ವರ್ಷಕ್ಕೆ ಮೊದಲು ತೆಗೆಯಲೇಬೇಕಾದವರು, ತೆರಿಗೆ ಬರುವಷ್ಟು ವರಮಾನವಿಲ್ಲದಿದ್ದರೆ, ಹಿಡಿಯಬೇಡಿ ಎಂಬ ಘೋಷಣೆಯ ನಮೂನೆಯನ್ನು ಅರ್ಜಿಯ ಜೊತೆಗೇ ಕೊಡಿ. 2025ರ ಹೊಸ ವರಮಾನ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೆಂದು ತಂದಿರುವುದರಿಂದ ನಮೂನೆಯ ನಂಬರನ್ನು ಕೇಳಿಕೊಂಡು ತುಂಬಿ. ಸುಳ್ಳು ಬರೆಯಬೇಡಿ, ನಮ್ಮ ಸತ್ಯವೇ ನಮಗೆ ಸಾಕಷ್ಟು ಬಲವಾಗಿದೆ.

ಗ್ರಾಚ್ಯುಯಿಟಿ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೈಸೇರಬೇಕು. ತಡವಾದರೆ ಬಡ್ಡಿ ಸೇರಬೇಕು. ಬಂದ ಗಂಟನ್ನು ಬ್ಯಾಂಕಿನಲ್ಲಿ ಇಟ್ಟವರಿಗೆ ಒಂದು ಮಾತು: 2025ರ ಏಪ್ರಿಲಿನಿಂದ ವರ್ಷದ ಬಡ್ಡಿ 50,000 ದಾಟದಿದ್ದರೆ, ಅರವತ್ತು ತುಂಬಿದವರಿಗೆ ಒಂದು ಲಕ್ಷ ದಾಟದಿದ್ದರೆ, ಬ್ಯಾಂಕು ತೆರಿಗೆ ಹಿಡಿಯುವಂತಿಲ್ಲ.

ಕೊನೆಯದಾಗಿ, ಬಿಡುವ ದಿನ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿ: "ಬಿಟ್ಟ ಕಾರಣ ಏನು ಬರೆದಿದ್ದೀರಿ? ಓದಿ ಹೇಳಿ." ಓದಿ ಹೇಳುವವರೆಗೂ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಡಿ.

ಬಂಧುಗಳೇ, ತೆರಿಗೆ ಕೊಡುವುದು ತಪ್ಪಲ್ಲ. ಬೆಂಕಿಪೊಟ್ಟಣದಿಂದ ಹಿಡಿದು ಬಟ್ಟೆಯ ಸೋಪಿನವರೆಗೆ ಕೊಂಡದ್ದಕ್ಕೆಲ್ಲ ನಾವು ದಿನವೂ ಕೊಡುತ್ತಲೇ ಇದ್ದೇವೆ. ಸಲ್ಲಬೇಕಾದ್ದನ್ನು ಸಲ್ಲಿಸುವವರಿಗೆ, ಸಲ್ಲದ್ದನ್ನು ಏಕೆ ತೆಗೆದಿರಿ ಎಂದು ಕೇಳುವ ಹಕ್ಕೂ ಇದೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಕುಳಿತಿರುತ್ತೇವೆ. ಟ್ರಂಕಿನ ತಳದಲ್ಲಿರುವ ಹಳೆಯ ಚೀಟಿಗಳನ್ನೆಲ್ಲ ತನ್ನಿ. ಹರಿದಿದ್ದರೂ ತನ್ನಿ, ಒದ್ದೆಯಾಗಿದ್ದರೂ ತನ್ನಿ. ಆ ಅಕ್ಕನೂ ಬರುತ್ತಾರೆ. ಯಾವ ಚೀಟಿ ಎಸೆಯಬಾರದೆಂದು ನಮಗಿಂತ ಚೆನ್ನಾಗಿ ಅವರೇ ಹೇಳಿಕೊಡುತ್ತಾರೆ.